ಮನೆಗೆ ಕಳುಹಿಸಿದವರ ಲೆಕ್ಕ

ಕಳೆದ ತಿಂಗಳು ನಮ್ಮ ಆಸ್ಪತ್ರೆಯ ಸಭಾಂಗಣದಲ್ಲಿ ಡಾಕ್ಟರೊಬ್ಬರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಆಮಂತ್ರಣ ಪತ್ರದಲ್ಲಿ ನನ್ನನ್ನು 'ಮಾಜಿ ನರ್ಸ್' ಎಂದು ಮುದ್ರಿಸಿದ್ದರು. ನಾನು ಆ ಆಸ್ಪತ್ರೆಯಲ್ಲಿ ದಾದಿಯರೆಲ್ಲರ ಮೇಲಿನ ಮೇಟ್ರನ್ ಆಗಿದ್ದು ನಿವೃತ್ತಳಾದವಳು. ಪತ್ರದ ಕರಡು ತಿದ್ದಿದ ಮಹಾಶಯ ಹುಟ್ಟಿದಾಗ ಅವನ ಮೈ ಒರೆಸಿ ಬಟ್ಟೆಯಲ್ಲಿ ಸುತ್ತಿದವಳೂ ನಾನೇ. ಅದಿರಲಿ. ನನಗಾದ ಅವಮಾನವನ್ನು ನಾನು ಮರೆಯುವುದಿಲ್ಲವಾದರೂ ಸಹಿಸಿಕೊಳ್ಳಬಲ್ಲೆ. ಸಹಿಸಲಾಗದ್ದು ಆಸ್ಪತ್ರೆಯ ಆಡಳಿತ ಮಂಡಳಿಯ ಅಧ್ಯಕ್ಷರ ಭಾಷಣ. "ನಮ್ಮ ಬಂಟ್ವಾಳದ ಆಸ್ಪತ್ರೆ ಯುರೋಪಿನ ಆಸ್ಪತ್ರೆಗಳಿಗಿಂತ ಮೇಲೆ ಎಂದು ಲೆಕ್ಕ ಹಾಕಿ ಜಗತ್ತಿಗೆ ತೋರಿಸಿಕೊಟ್ಟವರು ಈ ಡಾಕ್ಟರು" ಎಂದು ಅವರು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿಯಲ್ಲಿ ಚಪ್ಪಾಳೆ ಕೇಳಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ನಾನು ಎದ್ದು ನಿಂತೆ. ನಿರೂಪಕ ನನ್ನನ್ನು ನೋಡಿದ, ನೋಡಿಯೂ ಧನ್ಯವಾದ ಸಮರ್ಪಣೆಗೆ ಇನ್ನೊಬ್ಬರನ್ನು ಕರೆದ.

ಆ ಸಭೆಯಲ್ಲಿ ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ಡಾಕ್ಟರ ಹೆಸರನ್ನು ಬರೆಯುವುದಿಲ್ಲ. ಫ್ಲೆಕ್ಸಿನ ಮೇಲೆ ಅದನ್ನು ಬೇಕಾದಷ್ಟು ಬಳಸಿ ಸವೆಸಿದ್ದಾರೆ.

ಅವರು ನಮ್ಮಲ್ಲಿಗೆ ಬಂದದ್ದು ನಾನು ನಿವೃತ್ತಳಾಗುವ ವರ್ಷದಲ್ಲಿ. ಉತ್ತರ ಯುರೋಪಿನ ಒಂದು ಚಳಿಯ ದೇಶದಲ್ಲಿ ಬಹುಕಾಲ ಕೆಲಸ ಮಾಡಿ, ಮಡಂತ್ಯಾರಿನ ಅಕ್ಕನ ಮನೆಗೆ ಮರಳಿದ್ದರು. ಮದುವೆಯಾಗಿರಲಿಲ್ಲ. ರೋಗಿಗಳನ್ನು ನೋಡುವ ವೈದ್ಯಕೀಯವನ್ನು ಅವರು ಎಂದೋ ಬಿಟ್ಟಿದ್ದರು. ಅವರ ಕೆಲಸವೆಂದರೆ ಬೇರೆ ಬೇರೆ ದೇಶಗಳ ಆಸ್ಪತ್ರೆಗಳ ರೋಗಿ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇ ಕಾಯಿಲೆಯವರು ಎಲ್ಲಿ ಹೆಚ್ಚು ಬದುಕುತ್ತಾರೆ, ಎಲ್ಲಿ ಕಡಿಮೆ, ಏಕೆ ಎಂದು ನೋಡುವುದು. ನಮ್ಮ ಆಸ್ಪತ್ರೆಯ ದಾಖಲೆಗಳನ್ನೂ ಆ ಹೋಲಿಕೆಯಲ್ಲಿ ಸೇರಿಸಲು ಅಧ್ಯಕ್ಷರೇ ಅವರನ್ನು ಕರೆಸಿಕೊಂಡಿದ್ದರು.

ಅವರು ನನ್ನೊಡನೆ ಆಡಿದ ಮೊದಲ ಮಾತೇ ಒಂದು ಅವಮಾನ. ಒಂದು ಫೈಲನ್ನು ಎರಡು ಬೆರಳಲ್ಲಿ ಎತ್ತಿಹಿಡಿದು, "ಇದನ್ನು ಹೀಗೆ ಅರ್ಧಕ್ಕೆ ನಿಲ್ಲಿಸಿದ್ದು ಯಾರು?" ಎಂದು ಕೇಳಿದರು. ನಮ್ಮ ದಾದಿಯರು ಬರೆಯುವ ಪ್ರತಿ ಸಾಲನ್ನೂ ನಾನು ಓದಿ ತಿದ್ದುತ್ತಿದ್ದವಳು. ಅಂದಿನಿಂದ ನಾನು ಅವರೊಡನೆ ಮಾತು ಬಿಟ್ಟೆ. ಒಂದು ಮಧ್ಯಾಹ್ನ ಅವರೇ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಮೇಟ್ರನ್ ಅವರೇ, ನಿಮ್ಮವರು ಬರೆದದ್ದೆಲ್ಲ ಸರಿ ಉಂಟು. ನನ್ನ ಪ್ರಶ್ನೆ ತಪ್ಪಾಗಿತ್ತು" ಎಂದರು. ತಪ್ಪು ಒಪ್ಪಲು ನನ್ನ ಬಾಗಿಲಿಗೆ ಬಂದ ಡಾಕ್ಟರು ಅವರೊಬ್ಬರೇ.

ಎತ್ತರದ ಆಳು. ದಾದಿಯೊಬ್ಬಳು ಒಳಗೆ ಬಂದರೂ ಕುರ್ಚಿಯಿಂದ ಏಳುತ್ತಿದ್ದರು. ಅದು ಗೌರವವೆಂದು ತಿಳಿಯದ ಹುಡುಗಿಯರು ಹೆದರಿ ಹೊರಗೆ ಓಡುತ್ತಿದ್ದರು. ತುಳು ಮಾತಾಡುವಾಗ ಅವರ ಬಾಯಲ್ಲಿ ಬಾಲ್ಯದ ಶಬ್ದಗಳೇ ಬರುತ್ತಿದ್ದವು. ಅಷ್ಟು ದೊಡ್ಡ ಮನುಷ್ಯ ಚಿಕ್ಕ ಮಗುವಿನ ತುಳುವಿನಲ್ಲಿ ಚಹಾ ಕೇಳುವುದನ್ನು ಕೇಳಿ ಕ್ಯಾಂಟೀನಿನವರು ಬೆನ್ನ ಹಿಂದೆ ನಗುತ್ತಿದ್ದರು. ಯಾರು ಯಾವ ರೋಗಿಯ ಸುದ್ದಿ ಹೇಳಿದರೂ, "ಆಮೇಲೆ?" ಎನ್ನುವುದು ಅವರ ಅಭ್ಯಾಸ. ಗುಣವಾಗಿ ಮನೆಗೆ ಹೋದ ಎಂದರೂ "ಆಮೇಲೆ?"

ಹೋಲಿಕೆಯ ಪಟ್ಟಿ ಸಿದ್ಧವಾದಾಗ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಸಾಲುಗಳಲ್ಲಿ ನಮ್ಮ ಆಸ್ಪತ್ರೆ ನಾಲ್ಕಾರು ದೇಶಗಳ ದೊಡ್ಡ ಆಸ್ಪತ್ರೆಗಳನ್ನು ಹಿಂದೆ ಹಾಕಿ ಮೇಲೆ ನಿಂತಿತ್ತು. ನಮ್ಮಲ್ಲಿ ಸಾಯುವವರೇ ಅಪರೂಪ! ಅಧ್ಯಕ್ಷರು ವಾರ್ಡುಗಳಿಗೆಲ್ಲ ಲಾಡು ಹಂಚಿಸಿದರು. ಬಿ.ಸಿ. ರೋಡಿನಲ್ಲಿ ಬಸ್ಸಿನಿಂದ ಇಳಿದವರ ಕಣ್ಣಿಗೆ ಮೊದಲು ಬೀಳುವಂತೆ ಫ್ಲೆಕ್ಸ್ ನಿಲ್ಲಿಸಿದರು. ಬೆಳ್ತಂಗಡಿಯಲ್ಲೂ ಮೂಡುಬಿದಿರೆಯಲ್ಲೂ ಶಾಖೆ ತೆರೆಯುವ ಮಾತು ಆಗಲೇ ಶುರುವಾದದ್ದು.

ಪಟ್ಟಿ ಮಾಡಿದವರು ಮಾತ್ರ ಲಾಡನ್ನು ಕಾಗದದ ಮೇಲೆ ಹಾಗೆಯೇ ಬಿಟ್ಟು ನನ್ನ ಕೋಣೆಗೆ ಬಂದರು.

"ಸಿಸ್ಟರ್, ನಮ್ಮ ಊರಿನಲ್ಲಿ ಜನ ಎಲ್ಲಿ ಸಾಯ್ತಾರೆ?"

"ಎಲ್ಲಿ ಅಂದ್ರೆ? ಮನೆಯಲ್ಲಿ."

"ಕಾಯಿಲೆ ಜೋರಾದರೆ ಇಲ್ಲಿಗೆ ತರ್ತಾರಲ್ಲ?"

"ತರ್ತಾರೆ. ಇನ್ನು ಆಗುವುದಿಲ್ಲ ಅಂತ ಗೊತ್ತಾದ ಕೂಡಲೇ ಕೊಂಡುಹೋಗ್ತಾರೆ. ಜೀವ ಇರುವಾಗಲೇ."

ಇದು ನಮ್ಮಲ್ಲಿ ಎಲ್ಲರಿಗೂ ತಿಳಿದ ವಿಷಯ. ಹೊರಗೆ ಜೀವ ಹೋದವನನ್ನು ಹೊಸಿಲು ದಾಟಿಸಿ ಒಳಗೆ ತರಬಾರದೆಂಬ ಮನೆಗಳು ಇಂದಿಗೂ ಇವೆ. ಅಂಥವನನ್ನು ಅಂಗಳದಲ್ಲೇ ಮಲಗಿಸಬೇಕು. ಆದ್ದರಿಂದ ಕೊನೆಯ ಉಸಿರು ಮನೆಯೊಳಗಿನ ಚಾವಡಿಯಲ್ಲಿ ಹೋಗಬೇಕು, ಬಾಯಿಗೆ ಮನೆಯವರ ಕೈಯ ನೀರು ಬೀಳಬೇಕು. ಆಂಬುಲೆನ್ಸಿನಲ್ಲಿ ನಮ್ಮ ದಾದಿಯೊಬ್ಬಳು ರೋಗಿಯ ಮೂಗು ಬಾಯಿಗಳ ಮೇಲೆ ರಬ್ಬರಿನ ಮುಖವಾಡ ಒತ್ತಿಹಿಡಿದು, ಅದರ ಚೀಲವನ್ನು ಅಮುಕಿ ಅಮುಕಿ ಉಸಿರು ತುಂಬುತ್ತಾ ಹೋಗುತ್ತಾಳೆ. ಮನೆ ಮುಟ್ಟಿ, ಎಲ್ಲರೂ ನೀರು ಬಿಟ್ಟ ಮೇಲೆ ಕೈ ತೆಗೆಯುತ್ತಾಳೆ. ನಮ್ಮ ಫೈಲಿನಲ್ಲಿ ಮಾತ್ರ 'ಮನೆಯವರ ಕೋರಿಕೆಯ ಮೇರೆಗೆ ಬಿಡುಗಡೆ' ಎಂದಿರುತ್ತದೆ. ಅದು ಸುಳ್ಳಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ಅವರಿದ್ದ ದೇಶದಲ್ಲಿ ಹುಟ್ಟಿನಿಂದ ಸಾವಿನವರೆಗೆ ಮನುಷ್ಯನಿಗೆ ಒಂದೇ ಸಂಖ್ಯೆಯಂತೆ. ಆಸ್ಪತ್ರೆ ಬಿಟ್ಟು ಹೋಗಿ ಎಲ್ಲಿ ಸತ್ತರೂ ಆ ಸಾವು ಆಸ್ಪತ್ರೆಯ ಲೆಕ್ಕಕ್ಕೆ ಬಂದು ಸೇರುತ್ತದಂತೆ. "ಅವರದ್ದರಲ್ಲಿ ಸತ್ತವರೆಲ್ಲ ಉಂಟು. ನಮ್ಮದರಲ್ಲಿ ಗೇಟಿನವರೆಗೆ ಮಾತ್ರ ಉಂಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದವನು ನಾನು" ಎಂದರು. ಸ್ವಂತ ಊರಿನವರಾಗಿಯೂ ಊರಿನ ಈ ಪದ್ಧತಿಯನ್ನು ಲೆಕ್ಕ ಹಾಕುವಾಗ ಮರೆತಿದ್ದರು. ದೂರದಲ್ಲಿ ಬಹಳ ಕಾಲ ಇದ್ದವರು ಮಾಡುವ ತಪ್ಪು ಅದು.

ನಾನು ನಿವೃತ್ತಳಾದ ಮೇಲೆ ಶನಿವಾರಗಳಂದು ನಾವಿಬ್ಬರೂ ಮನೆಗೆ ಕಳುಹಿಸಲ್ಪಟ್ಟವರ ಮನೆಗಳಿಗೆ ಹೋಗತೊಡಗಿದೆವು. ಹಳ್ಳಿಯ ದಾರಿಗಳು ನನಗೆ ಗೊತ್ತಿದ್ದವು, ಕಾರು ಅವರದು. ಸಾವಾದ ಮನೆಯ ಮೆಟ್ಟಿಲು ಹತ್ತುವ ಮೊದಲು ಅವರು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಿದ್ದರು. ದುಃಖದಲ್ಲಿರುವವರ ಮುಂದೆ ಕಣ್ಣು ತಪ್ಪಿಯೂ ಗಡಿಯಾರದ ಕಡೆ ಹೋಗಬಾರದೆಂದು. ಹೆಚ್ಚಿನ ಮನೆಗಳಲ್ಲಿ ಕೇಳಿದ್ದು ಒಂದೇ ಕಥೆ: ಕೊಂಡುಬಂದೆವು, ನೀರು ಬಿಟ್ಟೆವು, ಹೋದರು. ನನ್ನ ಬಿಳಿ ಸೀರೆ ಗೇಟಿನಲ್ಲಿ ಕಂಡೊಡನೆ ಕೆಲವರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅದೂ ನನಗೆ ನೆನಪಿದೆ.

ತೋಡಾರಿನ ಒಂದು ಮನೆಯಲ್ಲಿ ಬಾಗಿಲು ತೆರೆದದ್ದು, ನಾವು ಯಾರ ಸಾವನ್ನು ವಿಚಾರಿಸಲು ಹೋಗಿದ್ದೆವೋ ಅವರೇ. ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ನೆಲೆಸಿದ್ದ ಹಿರಿಯರು.

"ಬನ್ನಿ ಬನ್ನಿ. ನಾನು ಸತ್ತದ್ದನ್ನು ಕೇಳ್ಲಿಕ್ಕೆ ಬಂದದ್ದಾ?" ಎಂದು ಗಟ್ಟಿಯಾಗಿ ನಕ್ಕರು. "ಎಂತ ಹೇಳುವುದು ಮಾರಾಯ್ರೆ, ಚಿತೆಗೆ ಮಾವಿನ ಮರ ಕೂಡ ಕಡಿಸಿ ಆಗಿತ್ತು. ಒಳ್ಳೆಯ ಫಲ ಕೊಡುವ ಮರ. ಬಾಯಿಗೆ ನೀರು ಬಿಟ್ಟರು, ನಾನು ಕೆಮ್ಮಿದೆ."

"ಕೆಮ್ಮಿದ್ದಲ್ಲ, ಬೈದದ್ದು" ಎಂದರು ಒಳಗೆ ಬೀಡಿ ಕಟ್ಟುತ್ತಿದ್ದ ಅವರ ಹೆಂಡತಿ. "ಇಷ್ಟು ತಣ್ಣಗಿನ ನೀರು ಕೊಡುವುದಾ ಅಂತ. ಅಳ್ತಾ ಇದ್ದ ನಾನು ಎದ್ದು ಬಿಸಿನೀರು ಇಡಬೇಕಾಯ್ತು."

"ಮರ ಹೋಯ್ತಲ್ಲ ಅಂತ ಇವಳಿಗೆ ಈಗಲೂ ಬೇಸರ, ಡಾಕ್ಟ್ರೆ. ಗಂಡ ಉಳಿದದ್ದಕ್ಕೆ ಅಷ್ಟಕ್ಕಷ್ಟೇ."

ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಡಾಕ್ಟರು ನಗಲಿಲ್ಲ. ಮೂಡುಬಿದಿರೆಯ ದಾರಿಯಲ್ಲಿ ಸ್ವಲ್ಪ ಮುಂದೆ ಬಂದು ಕಾರನ್ನು ಬದಿಗೆ ನಿಲ್ಲಿಸಿದರು.

"ಬದುಕಿದ್ದಾರಲ್ಲ ಡಾಕ್ಟ್ರೆ, ಒಳ್ಳೆಯದೇ ಆಯ್ತಲ್ಲ" ಎಂದೆ.

"ಸಾಯುತ್ತಾರೆ ಅಂತ ಹೇಳಿ ಕಳುಹಿಸಿದವರು ಔಷಧಿ ಇಲ್ಲದೆಯೇ ಬದುಕಿದರು ಸಿಸ್ಟರ್. ಹಾಗಾದರೆ ಉಳಿದ ಮನೆಗಳಲ್ಲಿ ಸತ್ತವರು? ಔಷಧಿ ಇದ್ದಿದ್ದರೆ ಅವರಲ್ಲಿ ಯಾರು ಯಾರು ಬದುಕುತ್ತಿದ್ದರು?"

ಆವರೆಗೆ ನಾವು ಹುಡುಕುತ್ತಿದ್ದುದು ಲೆಕ್ಕಕ್ಕೆ ಸಿಗದ ಸಾವುಗಳನ್ನು. ಅಂದಿನಿಂದ ಹುಡುಕಿದ್ದು, ಆಸ್ಪತ್ರೆಯಲ್ಲೇ ಇದ್ದಿದ್ದರೆ ಬದುಕಬಹುದಾಗಿದ್ದವರನ್ನು. ಫ್ಲೆಕ್ಸ್ ಏಳುವ ಮೊದಲು ಮನೆಗೆ ಹೋದವರಲ್ಲಿ ಬಹುಪಾಲು ನಿಜವಾಗಿಯೂ ಕೊನೆಯ ಗಳಿಗೆಯಲ್ಲಿದ್ದವರು. ಫ್ಲೆಕ್ಸ್ ಎದ್ದ ಮೇಲೆ ಹೋದವರ ಕಥೆಗಳು ಹಾಗಿರಲಿಲ್ಲ. ಕಲ್ಲಡ್ಕದ ಹತ್ತಿರ ಟೈಲರೊಬ್ಬರ ಹೆಂಡತಿ ನಮಗೆ ನೀರು ಬೆಲ್ಲ ಕೊಟ್ಟು ಎದುರಿಗೆ ಕುಳಿತರು. "ಬೆಳಿಗ್ಗೆ ಗಂಜಿ ಕುಡಿದಿದ್ರು. ಅಂಗಡಿಯ ಬೀಗದ ಕೈ ಯಾರಲ್ಲುಂಟು ಅಂತ ಕೇಳಿದ್ರು. ಮಧ್ಯಾಹ್ನಕ್ಕೆ ಸ್ವಲ್ಪ ಉಸಿರು ಕಟ್ಟಿತು. ಮನೆಗೆ ಕೊಂಡುಹೋಗುವುದಾದರೆ ಈಗಲೇ ಒಳ್ಳೆಯದು, ಮತ್ತೆ ಜೀವ ದಾರಿಯಲ್ಲೇ ಹೋದೀತು ಅಂತ ಅಲ್ಲಿ ಹೇಳಿದ್ರು. ಕೊಂಡುಬಂದೆವು." ಆಕೆ ಸೆರಗನ್ನು ಬೆರಳಿಗೆ ಸುತ್ತಿದರು. "ನಾವು ಎಂತಾದ್ರೂ ತಪ್ಪು ಮಾಡಿದೆವಾ ಡಾಕ್ಟ್ರೆ?"

"ನೀವು ಮಾಡಲಿಲ್ಲ ಅಮ್ಮ" ಎಂದು ನಾನೇ ಹೇಳಿದೆ.

ಆಸ್ಪತ್ರೆಯಲ್ಲಿ ಯಾರೂ ಆಜ್ಞೆ ಹೊರಡಿಸಿರಲಿಲ್ಲ. ಹೊರಡಿಸಿದ್ದರೆ ಅದನ್ನು ಹಿಡಿದು ಪ್ರಶ್ನಿಸಬಹುದಿತ್ತು. ತಿಂಗಳ ಸಭೆಯಲ್ಲಿ ಅಧ್ಯಕ್ಷರು ಒಳಗೆ ಸಂಭವಿಸಿದ ಸಾವುಗಳ ಸಾಲಿನ ಮೇಲೆ ಬೆರಳಿಟ್ಟು, "ಇದು ಯಾರ ಡ್ಯೂಟಿಯಲ್ಲಿ?" ಎಂದು ಕೇಳುತ್ತಿದ್ದರಂತೆ. ಅಷ್ಟೇ. ಎಳೆಯ ಡಾಕ್ಟರುಗಳಿಗೆ ಅಷ್ಟು ಸಾಕಾಗಿತ್ತು. ಮನೆಯವರನ್ನು ಹೊರಗೆ ಕರೆದು ಹೇಳುವ ಆ ಮಾತು ಸಂಜೆಗೆ ಹೇಳಬೇಕಾದದ್ದು ಮಧ್ಯಾಹ್ನಕ್ಕೆ ಬಂತು, ನಾಳೆಗೆ ಹೇಳಬೇಕಾದದ್ದು ಇವತ್ತಿಗೆ ಬಂತು. ಜನರೋ, ಪದ್ಧತಿ ತಪ್ಪೀತೆಂಬ ಭಯದಲ್ಲಿ ಕೈಮುಗಿದು ಸ್ಟ್ರೆಚರಿನ ಹಿಂದೆ ನಡೆದರು.

"ಈ ಪಟ್ಟಿ ನನ್ನ ಕೈಯದ್ದು" ಎಂದು ಡಾಕ್ಟರು ಒಮ್ಮೆ ಹೇಳಿದರು. "ಇನ್ನೆರಡು ಊರಿಗೆ ಇದು ಹೋಗುವ ಮೊದಲು ನಿಲ್ಲಿಸಬೇಕು. ಇಲ್ಲದಿದ್ದರೆ ನಾನು ರೋಗಿಗಳನ್ನು ನೋಡುವುದು ಬಿಟ್ಟ ಮೇಲೆಯೂ ಕೊಂದಂತೆ ಆಗ್ತದೆ."

ಆಡಳಿತ ಮಂಡಳಿಯ ಮುಂದೆ ಅವರು ಕೇಳಿದ್ದು ಹೆಚ್ಚೇನಲ್ಲ. ಪಟ್ಟಿಯಿಂದ ನಮ್ಮ ಹೆಸರನ್ನು ಹಿಂದಕ್ಕೆ ಪಡೆಯಬೇಕು, ಮನೆಗೆ ಹೋದ ಪ್ರತಿಯೊಬ್ಬರ ಮನೆಗೂ ತಿಂಗಳ ಬಳಿಕ ಒಂದು ಫೋನು ಮಾಡಬೇಕು, ಇನ್ನು ಆಗುವುದಿಲ್ಲ ಎಂಬ ಮಾತನ್ನು ಒಬ್ಬರಲ್ಲ, ಇಬ್ಬರು ಡಾಕ್ಟರುಗಳು ಸೇರಿ ಹೇಳಬೇಕು. ಸಾಕ್ಷಿಯಾಗಿ ನನ್ನನ್ನೂ ಕರೆದೊಯ್ದಿದ್ದರು. ಆ ಸಭೆಯಲ್ಲಿ ನನಗೆ ಕುರ್ಚಿ ಇಡಲಿಲ್ಲ. ಅವರು ತಮ್ಮ ಕುರ್ಚಿಯನ್ನು ನನಗೆ ಕೊಟ್ಟು ಉದ್ದಕ್ಕೂ ನಿಂತೇ ಮಾತಾಡಿದರು.

"ಸತ್ತವರ ಮನೆಗೆ ಫೋನು ಮಾಡಿ 'ಇದ್ದಾರಾ' ಅಂತ ಕೇಳ್ಲಿಕ್ಕೆ ನಮಗೆ ತಲೆ ಕೆಟ್ಟಿದೆಯಾ ಡಾಕ್ಟ್ರೆ?" ಎಂದರು ಅಧ್ಯಕ್ಷರು. ಮೇಜಿನ ಸುತ್ತ ಇದ್ದವರು ನಕ್ಕರು. "ಊರಿನ ಪದ್ಧತಿ ನಾವು ಮಾಡಿದ್ದಲ್ಲ."

"ಪದ್ಧತಿ ನಿಮ್ಮದಲ್ಲ. ಹೊತ್ತು ನಿಗದಿ ಮಾಡುವುದು ನೀವು."

ನಗು ನಿಂತಿತು. ಅಧ್ಯಕ್ಷರು ಪೆನ್ನಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿದರು. "ನೀವು ನಮ್ಮವರಾ, ಅವರವರಾ ಅಂತ ನನಗೆ ಇನ್ನೂ ಗೊತ್ತಾಗ್ಲಿಲ್ಲ. ಒಂದು ಮಾತು ಹೇಳ್ತೇನೆ. ಮನುಷ್ಯನಿಗೆ ವಯಸ್ಸಾದ ಮೇಲೆ ಹತ್ತಿರದಲ್ಲಿ ಒಂದು ಆಸ್ಪತ್ರೆ ಬೇಕಾಗ್ತದೆ. ಅದನ್ನು ನೆನಪಿಟ್ಟುಕೊಂಡು ಮಾತಾಡುವುದು ಒಳ್ಳೆಯದು." ಬಳಿಕ ನನ್ನ ಕಡೆ ತಿರುಗಿ, "ಸಿಸ್ಟರ್, ನೀವಿನ್ನು ಮನೆಯಲ್ಲಿ ಕೂತು ದೇವರ ನಾಮ ಹೇಳಿ" ಎಂದರು. ನಾನು ಹೇಳುತ್ತಿದ್ದೇನೆ. ಅದರ ಜೊತೆಗೆ ಇದನ್ನೂ ಹೇಳುತ್ತಿದ್ದೇನೆ.

ಮರುದಿನದಿಂದ ದಾಖಲೆಗಳ ಕೋಣೆಗೆ ಅವರಿಗೆ ಪ್ರವೇಶವಿರಲಿಲ್ಲ. ಅವರು ಹೊರದೇಶದ ಸಹೋದ್ಯೋಗಿಗಳಿಗೆ ತಮ್ಮ ಲೆಕ್ಕ ತಪ್ಪೆಂದು ಬರೆದು ನಮ್ಮ ಸಾಲನ್ನು ಪಟ್ಟಿಯಿಂದ ತೆಗೆಸಿದರು. ಅಷ್ಟು ವರ್ಷ ಗಳಿಸಿದ ಹೆಸರನ್ನು ತಾವೇ ಅಳಿಸಿಕೊಂಡಂತಾಯಿತು. ಫ್ಲೆಕ್ಸ್ ಮಾತ್ರ ಇದ್ದಲ್ಲೇ ಇತ್ತು, ಹಳೆಯದು ಮಾಸಿದಾಗ ಹೊಸತು ಬಂತು. ಊರಿನಲ್ಲಿ ಒಂದು ಮಾತು ಹಬ್ಬಿತು: ಈ ಇಬ್ಬರು ಕಾಲಿಟ್ಟ ಮನೆಯಲ್ಲಿ ಸತ್ತವರ ಆತ್ಮಕ್ಕೆ ಶಾಂತಿ ಇರುವುದಿಲ್ಲ. ಹಬ್ಬಿಸಿದವರು ಯಾರೆಂದು ನನಗೆ ಗೊತ್ತು. ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. ಬೆಳ್ತಂಗಡಿಯ ಒಂದು ಮನೆಯವರು ನಾಯಿಯನ್ನು ಬಿಚ್ಚಿ ಬಿಟ್ಟರು. ಡಾಕ್ಟರು ಗೇಟಿನ ಹೊರಗೆ ನಿಂತು, ಬಿಚ್ಚಿದ ಗಡಿಯಾರವನ್ನು ಮತ್ತೆ ಕೈಗೆ ಕಟ್ಟಿಕೊಂಡು, "ಸೋಮವಾರ ಇನ್ನೊಮ್ಮೆ ಬರುವ" ಎಂದರು. ಹೋದೆವು ಕೂಡ.

ಆ ದಿನಗಳಲ್ಲೇ ಅವರು ಅಕ್ಕನಿಗೆ ಹೇಳಿದ್ದರಂತೆ: "ನನಗೆ ಏನಾದರೂ ಆದರೆ, ಕೊನೆಗೆ ನನ್ನನ್ನು ಮನೆಗೆ ತರಬೇಡ. ಎಲ್ಲಿರುತ್ತೇನೋ ಅಲ್ಲಿಯೇ ಇರಲು ಬಿಡು." ಅಕ್ಕ, "ಬಾಯಿಗೆ ಬಂದ ಹಾಗೆ ಮಾತಾಡ್ಬೇಡ" ಎಂದು ಗದರಿಸಿದ್ದರಂತೆ.

ಅವರು ಬಿದ್ದದ್ದು ಮೆಲ್ಕಾರಿನಲ್ಲಿ, ಹಣ್ಣಿನ ಅಂಗಡಿಯ ಮುಂದೆ. ಪಾರ್ಶ್ವವಾಯು. ಅಂಗಡಿಯವರು ಒಳ್ಳೆಯ ಮನಸ್ಸಿನಿಂದ ಹತ್ತಿರದ ಆಸ್ಪತ್ರೆಗೆ ಸಾಗಿಸಿದರು. ಹತ್ತಿರದ್ದು ನಮ್ಮದೇ.

ಮರುದಿನ ಬೆಳಿಗ್ಗೆ ನಾನು ಹೋದಾಗ ಐಸಿಯುವಿನ ಹೊರಗೆ ಅಕ್ಕ ಒಬ್ಬರೇ ಕುಳಿತಿದ್ದರು. ಡ್ಯೂಟಿಯಲ್ಲಿದ್ದ ಎಳೆಯ ಡಾಕ್ಟರೊಬ್ಬ ಬಂದು ಮೆಲ್ಲಗೆ ಹೇಳಿದ, "ಅಮ್ಮ, ಇನ್ನು ಹೆಚ್ಚು ಹೊತ್ತಿಲ್ಲ. ಮನೆಗೆ ಕೊಂಡುಹೋಗುವುದಾದರೆ ಈಗಲೇ ಒಳ್ಳೆಯದು." ಕಲ್ಲಡ್ಕದ ಹೆಂಗಸಿಗೆ ಹೇಳಿದ ಅದೇ ಮಾತು, ಅದೇ ಕ್ರಮದಲ್ಲಿ. ಅಕ್ಕ ಬೇಡವೆಂದರು. ಅವನು ಹೋಗಿ ಮತ್ತೆ ಬಂದ. ಮತ್ತೆ ಬೇಡವೆಂದರು. ಮಡಂತ್ಯಾರಿನಿಂದ ಸಂಬಂಧಿಕರ ಫೋನು ಬರತೊಡಗಿತು: ಚಾವಡಿ ಗುಡಿಸಿ ಆಗಿದೆ, ಎಲ್ಲರೂ ಬಂದಿದ್ದಾರೆ, ಒಡಹುಟ್ಟಿದವನನ್ನು ಅನಾಥನ ಹಾಗೆ ಅಲ್ಲಿ ಬಿಡುವುದಾ? ಅಕ್ಕ ಫೋನನ್ನು ಮಡಿಲಲ್ಲಿ ಕವುಚಿಟ್ಟು ನನ್ನ ಕೈ ಹಿಡಿದುಕೊಂಡರು. ಔಷಧಿ ತರಬೇಕೆಂದು ಐಸಿಯುವಿನವರು ನಮ್ಮನ್ನು ಕೆಳಗಿನ ಮೆಡಿಕಲ್ ಅಂಗಡಿಗೆ ಕಳುಹಿಸಿದರು. ಇಬ್ಬರೂ ಹೋದದ್ದು ತಪ್ಪಾಯಿತು.

ಮರಳಿ ಬರುವಾಗ ಆಂಬುಲೆನ್ಸ್ ಗೇಟಿನ ಹತ್ತಿರ ನಿಂತಿತ್ತು, ಹಿಂಬಾಗಿಲು ತೆರೆದಿತ್ತು. ಒಳಗೆ ಅವರು. ಮುಖದ ಮೇಲೆ ಮುಖವಾಡ. ದಾದಿ ಹುಡುಗಿ ಚೀಲ ಅಮುಕುತ್ತಿದ್ದಳು. ಅವರ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

"ಹತ್ತಿ ಅಮ್ಮ, ಇನ್ನೂ ಉಸಿರುಂಟು. ಬೇಗ ಹೋಗುವ" ಎಂದ ಡ್ರೈವರ್.

ದಾದಿ ನನ್ನನ್ನು ನೋಡಿ ತಲೆ ತಗ್ಗಿಸಿದಳು. ನಾನೇ ತರಬೇತಿ ಕೊಟ್ಟ ಹುಡುಗಿ. ನಾನು ಒಳಗೆ ಹತ್ತಿ ಅವರ ಕತ್ತಿನ ಬದಿಯಲ್ಲಿ ಬೆರಳಿಟ್ಟೆ, ರೆಪ್ಪೆ ಎತ್ತಿ ನೋಡಿದೆ. ನನ್ನ ವೃತ್ತಿಯಲ್ಲಿ ಎಂದೂ ಅವಸರ ಮಾಡಿದವಳಲ್ಲ, ಅಂದೂ ಮಾಡಲಿಲ್ಲ. ಚೀಲ ಉಸಿರಾಡುತ್ತಿತ್ತು. ಅವರು ಉಸಿರಾಡುತ್ತಿರಲಿಲ್ಲ.

"ಸಿಸ್ಟರ್, ನೀವು ಹೇಳಿ. ಉಂಟಾ?" ಎಂದರು ಅಕ್ಕ.

"ಇಲ್ಲ ಅಕ್ಕ."

ಅಕ್ಕ ಸೀರೆ ಎತ್ತಿ ಕಟ್ಟಿ ಆಂಬುಲೆನ್ಸಿಗೆ ಹತ್ತಿದರು. ಹುಡುಗಿಯ ಕೈಯನ್ನು ಮೆಲ್ಲಗೆ ಸರಿಸಿ, ತಮ್ಮನ ಮುಖದಿಂದ ಆ ರಬ್ಬರಿನ ಮುಖವಾಡವನ್ನು ತಾವೇ ತೆಗೆದರು. ಎದೆ ಇಳಿಯಿತು, ಮತ್ತೆ ಏರಲಿಲ್ಲ. "ಗಾಡಿ ತಿರುಗಿಸು" ಎಂದರು ಡ್ರೈವರನಿಗೆ. "ನನ್ನ ತಮ್ಮ ಇಲ್ಲಿ ಸತ್ತಿದ್ದಾನೆ. ಇಲ್ಲಿ ಸತ್ತ ಅಂತಲೇ ಬರೆದು ಕೊಡಲಿ. ಅಲ್ಲಿಯವರೆಗೆ ನಾನು ಇಳಿಯುವುದಿಲ್ಲ."

ಹೊರರೋಗಿಗಳ ಸಾಲಿನಲ್ಲಿ ನಿಂತ ಜನರೆಲ್ಲ ನೋಡುತ್ತಿದ್ದರು. ಬಹಳ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಬಂದರು, ಬರೆದುಕೊಟ್ಟರು.

ಮಡಂತ್ಯಾರಿನಲ್ಲಿ ಗುಡಿಸಿಟ್ಟ ಚಾವಡಿ ಖಾಲಿಯಾಗಿಯೇ ಉಳಿಯಿತು. ಅವರನ್ನು ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದರು. ಬಿಸಿಲು ಬೀಳದಂತೆ ಟಾರ್ಪಾಲು ಕಟ್ಟಿದರು. ಸಂಬಂಧಿಕರಲ್ಲಿ ಹಿರಿಯ ಹೆಂಗಸೊಬ್ಬರು ಎಲ್ಲರಿಗೂ ಕೇಳುವಂತೆ, "ಸ್ವಂತ ಮನೆ ಇರುವ ತಮ್ಮನನ್ನು ಅಂಗಳದಲ್ಲಿ ಹಾಕಿದಿಯಲ್ಲ ಮಾರಾಯ್ತಿ. ನಾಳೆ ನಿನ್ನನ್ನು ಯಾರು ಒಳಗೆ ತರ್ತಾರೆ?" ಎಂದರು.

ಅಕ್ಕ ತಮ್ಮನ ಕಾಲಿನ ಬಳಿ ಕುಳಿತಿದ್ದರು. ತಲೆ ಎತ್ತದೆ ಹೇಳಿದರು: "ಒಳಗೆ ತಂದಿದ್ದರೆ ಆಸ್ಪತ್ರೆಯವರ ಲೆಕ್ಕದಲ್ಲಿ ಇವನು ಇನ್ನೂ ಬದುಕಿರ್ತಿದ್ದ."

ಆಗ ರಸ್ತೆಯಲ್ಲಿ ಸೈರನ್ ಕೇಳಿಸಿತು. ಬಂಟ್ವಾಳದ ಕಡೆಯಿಂದ ಆಂಬುಲೆನ್ಸೊಂದು ಬಂದು, ಅಕ್ಕನ ಮನೆಯ ಗೇಟು ದಾಟಿ, ಬೆಳ್ತಂಗಡಿಯ ಕಡೆಗೆ ಹೋಯಿತು. ಅಂಗಳದಲ್ಲಿದ್ದವರೆಲ್ಲ ಆ ಕಡೆ ತಿರುಗಿದರು. ಯಾರಿಗೆ ಹುಷಾರಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಟಾರ್ಪಾಲಿನ ಕಂಬ ಹಿಡಿದು ನಿಂತಿದ್ದ ಮುದುಕರೊಬ್ಬರು, "ಇದು ಯಾರ ಮನೆಗೋ?" ಎಂದರು.